ಹಾರದ ರೆಕ್ಕೆಗೆ ಆರತಿ

ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಅಮೆರಿಕದ ಡೆಟ್ರಾಯಿಟ್ ಹೊರವಲಯದಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯ ಮೇಲೆ ಒಂದು ಉತ್ಸವ ನಡೆಯುತ್ತದೆ. 1995ರಲ್ಲಿ ಶುರುವಾದದ್ದು. ಸಂಘಟಕರ ಲೆಕ್ಕ ನಂಬುವುದಾದರೆ ಸುಮಾರು 40,000 ಹಳೆಯ ಕಾರುಗಳು, ಅವುಗಳ ದರ್ಶನಕ್ಕೆ ಹತ್ತು ಲಕ್ಷ ಜನ. ಭಕ್ತರು ಬೆಳಗಿನಿಂದಲೇ ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರ ಎದುರಿಗೆ ಮುನ್ನೂರು, ನಾನ್ನೂರು ಅಶ್ವಶಕ್ತಿಯ ಎಂಜಿನ್‌ಗಳು ಗುಟುರು ಹಾಕುತ್ತಾ ನಡೆದು ಹೋಗುವವನಿಗಿಂತ ನಿಧಾನವಾಗಿ ತೆವಳುತ್ತವೆ. ಕ್ರೋಮ್ ಹೊಳೆಯುತ್ತದೆ, ಪೆಟ್ರೋಲ್ ಉರಿಯುತ್ತದೆ, ಯಾರೂ ಎಲ್ಲಿಗೂ ಹೋಗುವುದಿಲ್ಲ. ಹೋಗಬೇಕಾದ್ದೂ ಇಲ್ಲ. ಇದು ತೇರು; ರಥಬೀದಿಯಲ್ಲಿ ಎಳೆದದ್ದೇ ಪುಣ್ಯ.

ಈ ದೇವರುಗಳನ್ನು ಕಡೆದ ಶಿಲ್ಪಿಗಳಿಗೆ ಮಾತ್ರ ಇಂಥ ಭಕ್ತಿ ಇರಲಿಲ್ಲ. ಎರಡು ಮೂರು ವರ್ಷದೊಳಗೆ ಮಾಲೀಕನಿಗೆ ತನ್ನ ಕಾರಿನ ಮುಖ ನೋಡಿದರೆ ನಾಚಿಕೆಯಾಗಬೇಕು ಎಂಬುದು ಅವರ ಸಂಕಲ್ಪವಾಗಿತ್ತು. ಇದು ಆಗದವರು ಕಟ್ಟಿದ ಕತೆಯಲ್ಲ. 1929ರ ಜನವರಿಯಲ್ಲಿ ಜನರಲ್ ಮೋಟಾರ್ಸ್‌ನ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟೆರಿಂಗ್ ವ್ಯಾಪಾರಿಗಳ ಪತ್ರಿಕೆಯೊಂದಕ್ಕೆ ಲೇಖನ ಬರೆದ. ಗ್ರಾಹಕನನ್ನು ಅತೃಪ್ತನಾಗಿಯೇ ಇಡಿ ಎಂಬುದೇ ಅದರ ತಲೆಬರಹದ ಸಾರ. ಕೆಟೆರಿಂಗ್ ಸಾಮಾನ್ಯನಲ್ಲ. ಹ್ಯಾಂಡಲ್ ತಿರುವಿ ತೋಳು ಮುರಿದುಕೊಳ್ಳುತ್ತಿದ್ದ ಕಾಲದಲ್ಲಿ ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ತಂದುಕೊಟ್ಟವನು. ಮೊದಲು ಎಂಜಿನ್ ಚಾಲೂ ಮಾಡಿದ, ಆಮೇಲೆ ಆಸೆ ಚಾಲೂ ಮಾಡಿದ. ಆಸೆಯೇ ದುಃಖಕ್ಕೆ ಮೂಲ ಎಂದು ನಮ್ಮ ಕಡೆಯ ಒಬ್ಬರು ಅರಮನೆ ಬಿಟ್ಟು ಹೋದರು. ಡೆಟ್ರಾಯಿಟ್‌ನವರು ಹಾಗೆ ಕೈಚೆಲ್ಲುವವರಲ್ಲ. ಮೂಲ ಎಲ್ಲಿದೆ ಎಂದು ಗೊತ್ತಾದ ಕೂಡಲೇ ಅಲ್ಲೇ ಕಾರ್ಖಾನೆ ಕಟ್ಟಿದರು.

ಹೆನ್ರಿ ಫೋರ್ಡ್‌ಗೆ ಈ ಸೂಕ್ಷ್ಮ ಕೊನೆಯವರೆಗೂ ಹೊಳೆಯಲಿಲ್ಲ. 1908ರಿಂದ 1927ರವರೆಗೆ ಮಾಡೆಲ್ ಟಿ ಎಂಬ ಒಂದೇ ಕಾರನ್ನು ಒಂದೂವರೆ ಕೋಟಿ ಸಲ ಮಾಡಿದ ಪುಣ್ಯಾತ್ಮ. ನಡುವೆ ಎಷ್ಟೋ ವರ್ಷ ಕಪ್ಪು ಬಿಟ್ಟರೆ ಬೇರೆ ಬಣ್ಣವೂ ಇಲ್ಲ. ಕೆಸರಲ್ಲಿ ಹೋಗುತ್ತಿತ್ತು, ಹೊಲದಲ್ಲಿ ಹೋಗುತ್ತಿತ್ತು, ಕೆಟ್ಟರೆ ರೈತನೇ ತಂತಿ ಬಿಗಿದು ಸರಿಮಾಡಿಕೊಳ್ಳುತ್ತಿದ್ದ. ಒಮ್ಮೆ ಕೊಂಡವನು ಮತ್ತೆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ವ್ಯಾಪಾರ ಧರ್ಮದಲ್ಲಿ ಇದಕ್ಕಿಂತ ದೊಡ್ಡ ಪಾತಕ ಯಾವುದು?

ಪಾತಕ ನಿವಾರಣೆಗೆ ಅವತರಿಸಿದವನು ಆಲ್ಫ್ರೆಡ್ ಸ್ಲೋನ್. 1923ರಲ್ಲಿ ಜನರಲ್ ಮೋಟಾರ್ಸ್ ಅಧ್ಯಕ್ಷನಾದ. ಕಾರು ಪ್ರಪಂಚಕ್ಕೆ ವರ್ಣಾಶ್ರಮ ತಂದ. ತಳದಲ್ಲಿ ಶೆವ್ರೊಲೆ, ಅದರ ಮೇಲೆ ಪಾಂಟಿಯಾಕ್, ಆಮೇಲೆ ಓಲ್ಡ್ಸ್‌ಮೊಬೈಲ್, ಬ್ಯೂಯಿಕ್, ತುದಿಯಲ್ಲಿ ಕ್ಯಾಡಿಲಾಕ್. ಗುಮಾಸ್ತ ಶೆವ್ರೊಲೆಯಲ್ಲಿ ಕೂತು ಮ್ಯಾನೇಜರನ ಬ್ಯೂಯಿಕ್ ನೋಡಬೇಕು, ಮ್ಯಾನೇಜರ ಬ್ಯೂಯಿಕ್‌ನಲ್ಲಿ ಕೂತು ಮಾಲೀಕನ ಕ್ಯಾಡಿಲಾಕ್ ನೋಡಬೇಕು. ನಮ್ಮ ಏಣಿಯಲ್ಲಿ ಒಂದು ಮೆಟ್ಟಿಲು ಹತ್ತಲು ಇನ್ನೊಂದು ಜನ್ಮ ಎತ್ತಿ ಬರಬೇಕು. ಸ್ಲೋನ್‌ನ ಏಣಿಯಲ್ಲಿ ಕಂತು ಕಟ್ಟಿದರೆ ಸಾಕು. ಅದಕ್ಕೆಂದೇ ಕಂಪನಿ 1919ರಲ್ಲಿಯೇ ಸಾಲ ಕೊಡುವ ಅಂಗಸಂಸ್ಥೆ ತೆರೆದಿತ್ತು. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದ ಚಾರ್ವಾಕನಿಗೆ ಬಡ್ಡಿ ವಸೂಲಿಯ ವ್ಯವಸ್ಥೆ ತಿಳಿದಿರಲಿಲ್ಲ, ಪಾಪ. ಆ ಕೊರತೆಯೂ ನೀಗಿತು.

ಆದರೆ ಏಣಿ ಇಟ್ಟರೆ ಸಾಲದು, ಹತ್ತುವವನ ಕಾಲ ಕೆಳಗೆ ಬೆಂಕಿಯೂ ಬೇಕು. ಪ್ರತಿ ವರ್ಷ ಹೊಸ ಮಾಡೆಲ್ ಎಂಬ ಪದ್ಧತಿ ಬಂದದ್ದು ಹಾಗೆ. ಒಳಗಿನ ಎಂಜಿನ್ ಅದೇ, ಗೇರು ಅದೇ. ಮುಂದಿನ ಜಾಲರಿಯ ಹಲ್ಲು ಎರಡು ಹೆಚ್ಚು, ಹಿಂದಿನ ದೀಪ ಒಂದಂಗುಲ ಮೇಲೆ. ಕಳೆದ ವರ್ಷದ ಕಾರನ್ನು ಕಳೆದ ವರ್ಷದ್ದು ಎಂದು ಬೀದಿಯ ಮಕ್ಕಳೂ ಗುರುತಿಸಬೇಕು. (ನಾವು ಇದಕ್ಕೆ ತದ್ವಿರುದ್ಧ. ಐವತ್ತರ ದಶಕದಲ್ಲಿ ಇಂಗ್ಲೆಂಡಿನ ಮಾರಿಸ್‌ನಿಂದ ಹುಟ್ಟಿದ ಅಂಬಾಸಡರ್ ಅನ್ನು 2014ರವರೆಗೆ ಮಾಡಿದೆವು. ಅವರಿಗೆ ಬದಲಾವಣೆಯ ಚಟ, ನಮಗೆ ಬದಲಾಯಿಸಿದರೆ ಸೂತಕ.)

ಈ ವಾರ್ಷಿಕ ಅವಮಾನದ ಪ್ರಧಾನ ಅರ್ಚಕ ಹಾರ್ಲಿ ಅರ್ಲ್. ಹಾಲಿವುಡ್‌ನವನು. ಅಪ್ಪನ ವರ್ಕ್‌ಶಾಪಿನಲ್ಲಿ ಸಿನಿಮಾ ನಟರ ಹುಚ್ಚಿಗೆ ತಕ್ಕ ಕಾರಿನ ಬಾಡಿ ಕಟ್ಟಿ ಪಳಗಿದವನು. 1927ರಲ್ಲಿ ಜನರಲ್ ಮೋಟಾರ್ಸ್ ಅವನಿಗಾಗಿಯೇ ಕಲೆ ಮತ್ತು ಬಣ್ಣದ ವಿಭಾಗ ತೆರೆಯಿತು. ಆರಡಿ ದಾಟಿದ ಈ ಆಳಿಗೆ ಕಾರು ಮಾತ್ರ ನೆಲಕ್ಕೆ ತಗ್ಗಿರಬೇಕು, ಉದ್ದಕ್ಕೆ ಮಲಗಿರಬೇಕು. ಕಾರನ್ನು ಬೇಗ ಹಳತು ಮಾಡುವುದು ತನ್ನ ಕೆಲಸ ಎಂಬುದನ್ನು ಅವನು ಮುಚ್ಚಿಡಲೂ ಇಲ್ಲ. 1934ರಲ್ಲಿ ಜನ ಒಂದು ಕಾರನ್ನು ಸರಾಸರಿ ಐದು ವರ್ಷ ಇಟ್ಟುಕೊಳ್ಳುತ್ತಿದ್ದರು, ಈಗ ಅದು ಎರಡಕ್ಕೆ ಇಳಿದಿದೆ, ಒಂದಕ್ಕೆ ಇಳಿದ ದಿನ ತಮಗೆ ಪೂರ್ತಿ ಅಂಕ ಎಂದು ಐವತ್ತರ ದಶಕದಲ್ಲಿ ಬಹಿರಂಗವಾಗಿಯೇ ಲೆಕ್ಕ ಒಪ್ಪಿಸಿದ. ಇಷ್ಟು ಪ್ರಾಮಾಣಿಕವಾಗಿ ಜೇಬು ಕತ್ತರಿಸುವವರು ಈಗ ಸಿಗುವುದಿಲ್ಲ.

ಅರ್ಲ್‌ನ ಅಮರ ಕೃತಿ ರೆಕ್ಕೆ. 1941ರಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗ, ತನ್ನ ವಿನ್ಯಾಸಕಾರರನ್ನು ಡೆಟ್ರಾಯಿಟ್ ಹತ್ತಿರದ ವಾಯುನೆಲೆಗೆ ಕರೆದೊಯ್ದು ಲಾಕ್‌ಹೀಡ್ ಪಿ-38 ಎಂಬ ಯುದ್ಧವಿಮಾನ ತೋರಿಸಿದ. ಮಿಲಿಟರಿ ಗುಟ್ಟು, ಹತ್ತಿರ ಬಿಡಲಿಲ್ಲ. ಮೂವತ್ತು ಅಡಿ ದೂರದಿಂದ ದರ್ಶನ. ಆ ವಿಮಾನದ ಅವಳಿ ಬಾಲ 1948ರ ಕ್ಯಾಡಿಲಾಕ್ ಹಿಂಭಾಗದಲ್ಲಿ ಎರಡು ಪುಟ್ಟ ಉಬ್ಬುಗಳಾಗಿ ಮೊಳೆಯಿತು. ವಿಮಾನಕ್ಕೆ ಬಾಲ ಗಾಳಿಯಲ್ಲಿ ನೇರ ಹೋಗುವುದಕ್ಕೆ ಬೇಕು. ಕಾರಿಗೆ? ಪಕ್ಕದ ಮನೆಯವನ ನಿದ್ದೆ ಕೆಡಿಸುವುದಕ್ಕೆ. ಕ್ರೈಸ್ಲರ್ ಕಂಪನಿಯವರು ಮಾತ್ರ, ಅಡ್ಡಗಾಳಿ ಬೀಸಿದಾಗ ರೆಕ್ಕೆ ಕಾರನ್ನು ಸ್ಥಿರವಾಗಿ ಹಿಡಿಯುತ್ತದೆ ಎಂದು ಮುಖ ಗಂಭೀರ ಮಾಡಿಕೊಂಡು ಜಾಹೀರಾತು ಕೊಟ್ಟರು.

ಅದೇ ಕಾಲದ ನಮ್ಮ ಕತೆಯನ್ನೂ ಇಲ್ಲಿ ಹೇಳಿಬಿಡಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತಕ್ಕೂ ಒಂದು ಬೇಕೆಂದು ಯೋಜನೆ ಹಿಡಿದು ಓಡಾಡಿದರು. ಬ್ರಿಟಿಷ್ ಸರ್ಕಾರಕ್ಕೆ ಅದು ರುಚಿಸಲಿಲ್ಲ. ಆ ಯೋಜನೆಗೆ ಹೆಗಲು ಕೊಟ್ಟಿದ್ದ ವಾಲ್‌ಚಂದ್ ಹೀರಾಚಂದ್ 1940ರ ಕೊನೆಗೆ ಬೆಂಗಳೂರಿನಲ್ಲಿ ತೆರೆದದ್ದು ವಿಮಾನದ ಕಾರ್ಖಾನೆ. ಕಾರಿನದು ಆಮೇಲೆ ಮುಂಬಯಿಯ ಪಾಲಾಯಿತು. ಕ್ರೈಸ್ಲರ್ ಒಪ್ಪಂದದಲ್ಲಿ ಡಾಡ್ಜ್, ಡಿಸೋಟೊ, ಪ್ಲಿಮತ್‌ಗಳು ಅಲ್ಲಿ ಜೋಡಣೆಯಾಗಿ ಬಂದವು. ಡೆಟ್ರಾಯಿಟ್‌ನವರು ಕಾರಿಗೆ ವಿಮಾನದ ಬಾಲ ಅಂಟಿಸಲು ಒದ್ದಾಡುತ್ತಿದ್ದಾಗ, ಕಾರು ಕೇಳಿದ ಬೆಂಗಳೂರಿಗೆ ಇಡೀ ವಿಮಾನವೇ ಸಿಕ್ಕಿತ್ತು.

ರೆಕ್ಕೆ ಬೆಳೆದ ಬಗೆ ಇನ್ನೂ ಸ್ವಾರಸ್ಯದ್ದು. 1956ರ ಆಗಸ್ಟ್. ಚಕ್ ಜೋರ್ಡನ್ ಎಂಬ ಜನರಲ್ ಮೋಟಾರ್ಸ್‌ನ ತರುಣ ವಿನ್ಯಾಸಕಾರ ಊಟದ ಬಿಡುವಿನಲ್ಲಿ ಕಾರು ಓಡಿಸಿಕೊಂಡು ಹೋಗುವಾಗ ಕ್ರೈಸ್ಲರ್ ಕಂಪನಿಯ ತಂತಿ ಬೇಲಿಯಾಚೆ ಇಣುಕಿದ. ಹುಲ್ಲಿನ ಮೇಲೆ ಸಾಲಾಗಿ ನಿಂತಿವೆ 1957ರ ಹೊಸ ಪ್ಲಿಮತ್‌ಗಳು. ತೆಳ್ಳನೆ ಮೈ, ಚೂರಿಯಂಥ ರೆಕ್ಕೆ. ಎದೆ ಧಸಕ್ಕೆಂದಿತು. ಓಡಿ ಬಂದು ಸುದ್ದಿ ಮುಟ್ಟಿಸಿದ. ಅರ್ಲ್ ಆಗ ಯುರೋಪ್‌ನಲ್ಲಿದ್ದ. ಹಿರಿಯ ಇಲ್ಲದ ಮನೆಯಲ್ಲಿ ಹುಡುಗರು 1959ರ ಮಾಡೆಲ್‌ಗಳ ಜೇಡಿಮಣ್ಣಿನ ಅಚ್ಚುಗಳನ್ನು ಬದಿಗೆ ತಳ್ಳಿ ಹೊಸದಾಗಿ ಗೀಚತೊಡಗಿದರು. ಮೋಟಾರು ಇತಿಹಾಸದ ಅತಿ ಎತ್ತರದ ರೆಕ್ಕೆ, ಅದರ ನಡುವೆ ಗುಂಡಿನಾಕಾರದ ಜೋಡಿ ಕೆಂಪು ದೀಪ, 5.7 ಮೀಟರ್ ಉದ್ದದ ದೇಹ: 1959ರ ಕ್ಯಾಡಿಲಾಕ್ ಹುಟ್ಟಿತು. ನಮ್ಮ ಅಂಬಾಸಡರ್ ಪಕ್ಕ ನಿಲ್ಲಿಸಿದರೆ ಸುಮಾರು 1.4 ಮೀಟರ್ ಹೆಚ್ಚುವರಿ. ಆ ಹೆಚ್ಚುವರಿಯಲ್ಲಿ ಯಾರೂ ಕೂರುವಂತಿಲ್ಲ. ಇಂದು ಪೋಸ್ಟರ್‌ಗಳಲ್ಲಿ, ಕೀಚೈನ್‌ಗಳಲ್ಲಿ ಅಮೆರಿಕದ ಆತ್ಮವಿಶ್ವಾಸದ ಸಂಕೇತವೆಂದು ಮಿಂಚುವುದು ಇದೇ ಕಾರು. ಬೇಲಿ ಇಣುಕಿ ಹೊಟ್ಟೆ ಉರಿಸಿಕೊಂಡದ್ದಕ್ಕೆ ಆತ್ಮವಿಶ್ವಾಸ ಎಂಬ ಹೆಸರೂ ಇದೆ ಎಂದಾಯಿತು.

ಚಂದವಿಲ್ಲವೆಂದು ಹೇಳಿದರೆ ನಾಲಿಗೆ ಹುಳ ಬಿದ್ದೀತು. 1953ರ ಸ್ಟುಡಿಬೇಕರ್ ಕೂಪೆಯ ಪಕ್ಕದ ಗೆರೆ ಎಳೆದ ಕೈ ಯಾವ ಚಿತ್ರಕಾರನಿಗೂ ಕಡಿಮೆಯಲ್ಲ. 1957ರ ಶೆವ್ರೊಲೆ ಬೆಲ್ ಏರ್ ಕಂಡರೆ ಕಾರು ದ್ವೇಷಿಯ ಕುತ್ತಿಗೆಯೂ ತಿರುಗುತ್ತದೆ. ವಿ-8 ಎಂಜಿನ್ನಿನ ಗುಡುಗು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸುತ್ತದೆ. ಕಲೆಯೇನೋ ನಿಜವಾದದ್ದೇ. ಆದರೆ ಆ ಕಲೆಗೆ ಸಂಬಳ ಕೊಟ್ಟದ್ದು ಅದರ ಮೇಲೆ ಬೇಗ ಬೇಸರ ಹುಟ್ಟಿಸಲಿ ಎಂದು. ಅಂದು ಈ ತಗಡನ್ನು ಭವಿಷ್ಯ ಎಂದು ಮಾರಿದರು, ಇಂದು ಅದೇ ತಗಡನ್ನು ಸುವರ್ಣ ಭೂತಕಾಲ ಎಂದು ಮಾರುತ್ತಿದ್ದಾರೆ. ಒಂದೇ ಸರಕಿಗೆ ಎರಡು ಸಲ ಬೆಲೆ.

ಭವಿಷ್ಯದ ಸಂಭ್ರಮ ಸಾಮಾನ್ಯದ್ದೇ? 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರಿನ ಬೆಲೆ 13,074 ಡಾಲರ್. ಸಾಧಾರಣ ಶೆವ್ರೊಲೆ ಎರಡು ಸಾವಿರ ಚಿಲ್ಲರೆಗೆ ಸಿಗುತ್ತಿತ್ತು. ಹೆಚ್ಚುವರಿ ಹನ್ನೊಂದು ಸಾವಿರಕ್ಕೆ ಸ್ಟೀಲಿನ ಸೂರು, ಸುಗಂಧ ಚಿಮ್ಮಿಸುವ ಸೀಸೆ, ಕಾರು ಓಲಾಡಿದರೂ ಬೀಳದ ಅಯಸ್ಕಾಂತದ ಮದ್ಯದ ಲೋಟಗಳು. ಹಿಂದಿನ ವರ್ಷ ಕ್ರೈಸ್ಲರ್ ತನ್ನ ಕಾರಿನೊಳಗೆ ಗ್ರಾಮಫೋನ್ ತಟ್ಟೆ ತಿರುಗುವ ಯಂತ್ರ ಕೂರಿಸಿತ್ತು. ಗುಂಡಿ ಬಂದಾಗ ಮುಳ್ಳಿನ ಗತಿ ಏನಾಗುತ್ತಿತ್ತೋ. ಡಾಡ್ಜ್‌ನವರಿಗೆ ಹೆಂಗಸರೂ ಕಾರು ಓಡಿಸುತ್ತಾರೆ ಎಂಬ ಜ್ಞಾನೋದಯ 1955ರಲ್ಲಿ ಆಯಿತು. ಗುಲಾಬಿ ಬಣ್ಣ ಬಳಿದು, ಜೊತೆಗೊಂದು ವ್ಯಾನಿಟಿ ಬ್ಯಾಗು, ಲಿಪ್‌ಸ್ಟಿಕ್ ಡಬ್ಬಿ, ಮಳೆಯಂಗಿ, ಕೊಡೆ ಇಟ್ಟು ಲಾ ಫೆಮ್ ಎಂದು ಹೆಸರಿಟ್ಟರು. ಹೆಂಗಸರು ಬ್ಯಾಗು ತಮ್ಮದೇ ಇದೆ ಎಂದು ಬೇರೆ ಕಾರು ಕೊಂಡರು. ಫೋರ್ಡ್ ಕಂಪನಿ ಇನ್ನೂ ಮುಂದೆ ಹೋಗಿ ನ್ಯೂಕ್ಲಿಯಾನ್ ಎಂಬ ಕಾರಿನ ಪುಟ್ಟ ಮಾದರಿ ಮಾಡಿ ತೋರಿಸಿತು. ಡಿಕ್ಕಿಯಲ್ಲಿ ಪರಮಾಣು ಸ್ಥಾವರ! ಹಿಂದಿನಿಂದ ಯಾರಾದರೂ ಗುದ್ದಿದರೆ ಇನ್ಶೂರೆನ್ಸ್ ಯಾರ ಹೆಸರಿಗೆ ಎಂದು ಕೇಳುವ ಅವಕಾಶ ಬರಲಿಲ್ಲ, ಅದು ಮಾದರಿಯಾಗಿಯೇ ಉಳಿಯಿತು.

ಅದೇ ಫೋರ್ಡ್ ಕಂಪನಿ ಒಂದು ಹೊಸ ಕಾರಿಗೆ ಹೆಸರು ಹುಡುಕಲು ಕವಯಿತ್ರಿ ಮೇರಿಯನ್ ಮೂರ್‌ಗೆ ಪತ್ರ ಬರೆದದ್ದೂ ಉಂಟು. ಕವಿಗಳನ್ನು ಕಾರ್ಖಾನೆಯವರು ನೆನೆಯುವುದೇ ಅಪರೂಪ. ಆಕೆ ಮುದುಕಿ, ಟೋಪಿಪ್ರಿಯೆ, ಬಲು ಉತ್ಸಾಹದಿಂದ ಪಟ್ಟಿ ಕಳಿಸಿದಳು: ಮಂಗೂಸ್ ಸಿವಿಕ್, ಯುಟೋಪಿಯನ್ ಟರ್ಟಲ್‌ಟಾಪ್... ಕಂಪನಿ ಹೂಗುಚ್ಛ ಕಳಿಸಿ ಕೈಮುಗಿಯಿತು. ಕೊನೆಗೆ ಹೆನ್ರಿ ಫೋರ್ಡ್‌ನ ಸತ್ತ ಮಗನ ಹೆಸರನ್ನೇ ಇಟ್ಟಿತು. ಎಡ್ಸೆಲ್. 1957ರ ಸೆಪ್ಟೆಂಬರ್ 4ರಂದು ಭೇರಿ ಬಾರಿಸಿ ಬಿಡುಗಡೆ. 1959ರ ನವೆಂಬರ್‌ನಲ್ಲಿ ತಿಥಿ. ನಷ್ಟ ಸುಮಾರು 25 ಕೋಟಿ ಡಾಲರ್. ಕಾರು ಆಮೆಯ ಹೆಸರಿನಲ್ಲಿ ಬಂದಿದ್ದರೂ ಇಷ್ಟು ನಿಧಾನವಾಗಿ ಮಾರಾಟವಾಗುತ್ತಿರಲಿಲ್ಲ. ಎಡ್ಸೆಲ್ ಬಂದ ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 4ರಂದು, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ರೆಕ್ಕೆ, ರಾಕೆಟ್, ಜೆಟ್ ಎಂದು ತಗಡಿಗೆ ಅಂಟಿಸುತ್ತಿದ್ದವರು ಒಬ್ಬರು, ಸದ್ದಿಲ್ಲದೆ ಆಕಾಶಕ್ಕೆ ಕಳಿಸಿದವರು ಇನ್ನೊಬ್ಬರು.

ಇಷ್ಟೆಲ್ಲ ಹೇಳಿ ಟಲ್ಸಾ ನಗರದ ಕತೆ ಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ. ಓಕ್ಲಹೋಮ ರಾಜ್ಯಕ್ಕೆ ಐವತ್ತು ತುಂಬಿದ ನೆನಪಿಗೆ ಆ ಊರಿನವರು 1957ರ ಜೂನ್ 15ರಂದು ಹೊಚ್ಚಹೊಸ ಪ್ಲಿಮತ್ ಬೆಲ್ವೆಡಿಯರ್ ಒಂದನ್ನು ನ್ಯಾಯಾಲಯದ ಮುಂದಿನ ನೆಲದಲ್ಲಿ ಹೂತರು. ಅದೇ, ಬೇಲಿಯಾಚೆ ಕಂಡ ರೆಕ್ಕೆಯ ಪ್ಲಿಮತ್. ಐವತ್ತು ವರ್ಷದ ಮೇಲೂ ಇದರ ಚಂದ ಹಳತಾಗುವುದಿಲ್ಲ, ಆದ್ದರಿಂದಲೇ ಇದನ್ನು ಆರಿಸಿದ್ದೇವೆ ಎಂದು ಹೇಳಿಕೊಂಡರು. ವರ್ಷಕ್ಕೆ ಹಳತಾಗಲೆಂದೇ ಮಾಡಿದ ಕಾರನ್ನು! ಅಣುಬಾಂಬ್ ಬಿದ್ದರೂ ಅಲುಗದ ಕಾಂಕ್ರೀಟ್ ನೆಲಮಾಳಿಗೆ ಕಟ್ಟಿದರು. 2007ರ ಹೊತ್ತಿಗೆ ಪೆಟ್ರೋಲ್ ಎಂಬುದೇ ಇರಲಿಕ್ಕಿಲ್ಲ ಎಂಬ ಮುಂದಾಲೋಚನೆಯಿಂದ ಹತ್ತು ಗ್ಯಾಲನ್ ಪೆಟ್ರೋಲ್ ಇಟ್ಟರು. ಜೊತೆಗೆ ಒಂದು ಪೆಟ್ಟಿಗೆ ಬಿಯರ್. ಅಂದಿನ ಗೃಹಿಣಿಯ ಕೈಚೀಲದಲ್ಲಿ ಏನಿರುತ್ತಿತ್ತು ಎಂದು ಮುಂದಿನವರಿಗೆ ತಿಳಿಯಲಿ ಎಂದು ಲಿಪ್‌ಸ್ಟಿಕ್, ಸಿಗರೇಟು, ನರ ಶಾಂತವಾಗಿಸುವ ಮಾತ್ರೆ, ಕಟ್ಟದೆ ಉಳಿದ ಪಾರ್ಕಿಂಗ್ ದಂಡದ ಚೀಟಿ. ಸುವರ್ಣಯುಗದ ಹೆಂಗಸಿಗೆ ಆ ಮಾತ್ರೆ ಯಾಕೆ ಬೇಕಿತ್ತು ಎಂದು ಯಾರೂ ಕೇಳಲಿಲ್ಲ. 2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಿರುತ್ತದೆ ಎಂದು ಎಲ್ಲರಿಗಿಂತ ಹತ್ತಿರ ಊಹಿಸಿದವರಿಗೆ ಕಾರು ಬಹುಮಾನ.

ಐವತ್ತು ವರ್ಷ ಕಳೆದವು. 2007ರ ಜೂನ್‌ನಲ್ಲಿ, ದೇಶ ವಿದೇಶಗಳಿಂದ ಭಕ್ತರು ಸೇರಿದರು. ಮುಚ್ಚಳ ತೆಗೆದರು. ಒಳಗೆ ಅಡಿಗಟ್ಟಲೆ ನೀರು. ಅಣುಬಾಂಬ್‌ಗೆ ಜಗ್ಗದ ನೆಲಮಾಳಿಗೆ ಓಕ್ಲಹೋಮದ ನೀರಿಗೆ ಶರಣಾಗಿತ್ತು. ಕಾರಿನ ಆಕಾರದ ತುಕ್ಕಿನ ಮುದ್ದೆಯೊಂದನ್ನು ಕ್ರೇನ್ ಎತ್ತಿ ಹೊರಗಿಟ್ಟಿತು. ಸಭಾಂಗಣದಲ್ಲಿ ಸಾವಿರಾರು ಜನರ ಮುಂದೆ ಹೊದಿಕೆ ಸರಿಸಿದಾಗ ಜನ ಚಪ್ಪಾಳೆಯನ್ನೂ ತಟ್ಟಿದರು. ಮತ್ತೆ ಚಾಲೂ ಮಾಡುವ ಆಸೆಗೆ ಆ ದೇಹ ಮಿಸುಕಲಿಲ್ಲ. ಬಹುಮಾನ ಗೆದ್ದವನು 1979ರಲ್ಲೇ ತೀರಿಕೊಂಡಿದ್ದ. ಮುದ್ದೆ ಅವನ ವೃದ್ಧ ಸೋದರಿಯರ ಪಾಲಾಯಿತು. ತುಕ್ಕು ತೊಳೆಯುವ ರಸಾಯನದ ಕಂಪನಿಯೊಂದು ವರ್ಷಗಟ್ಟಲೆ ಉಜ್ಜಿತು. ತುಕ್ಕು ಹೋದ ಕಡೆ ಕಾರೂ ಹೋಗಿತ್ತು. ಕೊನೆಗೆ ಇಲಿನಾಯ್‌ನ ಒಂದು ಖಾಸಗಿ ಮ್ಯೂಸಿಯಂ ಆಶ್ರಯ ಕೊಟ್ಟಿತು. ಅಂದಹಾಗೆ, 1957ರ ಕ್ರೈಸ್ಲರ್ ಕಾರುಗಳು ತುಕ್ಕಿಗೆ ಎಷ್ಟು ಹೆಸರಾಗಿದ್ದವೆಂದರೆ ಹೂಳದೆ ಬಿಟ್ಟವೂ ಬಹಳ ದಿನ ಬಾಳಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎಂಬ ನಮ್ಮ ಗಾದೆ ಆ ಕಾರ್ಖಾನೆಯ ಬಾಗಿಲಿಗೆ ಸಲ್ಲಬೇಕಾದದ್ದು. ಮೊದಲನೆಯದರ ಫಲಿತಾಂಶ ತೆಗೆದು ನೋಡುವ ವ್ಯವಧಾನವೂ ಇಲ್ಲದೆ 1998ರಲ್ಲಿಯೇ ಟಲ್ಸಾದವರು ಇನ್ನೊಂದು ಪ್ಲಿಮತ್ ಅನ್ನು ಸಮಾಧಿಯಲ್ಲಿಟ್ಟಿದ್ದರು, ಈ ಸಲ ನೆಲದ ಮೇಲೆ, 2048ಕ್ಕೆ ತೆರೆಯಲು. ಕಾರು ಏನಾಗಿದೆಯೋ, ಪ್ಲಿಮತ್ ಎಂಬ ಹೆಸರು ಮಾತ್ರ 2001ರಲ್ಲೇ ಮಣ್ಣಾಯಿತು.

ಹಳೆಯ ಕಾರಿನ ಭಕ್ತರ ಬಾಯಲ್ಲಿ ಸದಾ ಬರುವ ಇನ್ನೊಂದು ಮಾತು: ತೆರೆದ ರಸ್ತೆ, ಸ್ವಾತಂತ್ರ್ಯ, ಎಲ್ಲಿ ಬೇಕೆಂದರೆ ಅಲ್ಲಿಗೆ. 1936ರಿಂದ ಮೂವತ್ತು ವರ್ಷ ನ್ಯೂಯಾರ್ಕಿನ ಹಾರ್ಲೆಮ್‌ನಿಂದ ಒಂದು ಪುಸ್ತಿಕೆ ಹೊರಬರುತ್ತಿತ್ತು. ವಿಕ್ಟರ್ ಗ್ರೀನ್ ಎಂಬ ಅಂಚೆಯವನು ಶುರುಮಾಡಿದ್ದು. ಕರಿಯರು ಕಾರಿನಲ್ಲಿ ಹೊರಟರೆ ಯಾವ ಊರಿನಲ್ಲಿ ಊಟ ಕೊಡುತ್ತಾರೆ, ಎಲ್ಲಿ ಮಲಗಲು ಬಿಡುತ್ತಾರೆ ಎಂಬ ಪಟ್ಟಿ ಅದು. ರಸ್ತೆ ತೆರೆದೇ ಇತ್ತು, ರಸ್ತೆ ಬದಿಯ ಬಾಗಿಲುಗಳು ಮುಚ್ಚಿದ್ದವು. ಸ್ಲೋನ್‌ನ ಏಣಿಯ ತುದಿ ಮೆಟ್ಟಿಲಲ್ಲೂ ಕಾವಲಿತ್ತು: ಮೂವತ್ತರ ದಶಕದ ಆರಂಭದವರೆಗೆ ಕ್ಯಾಡಿಲಾಕ್ ಅನ್ನು ಕರಿಯರಿಗೆ ಮಾರಕೂಡದು. ದುಡ್ಡಿದ್ದ ಬಾಕ್ಸರುಗಳು, ಗಾಯಕರು ಬಿಳಿಯನೊಬ್ಬನಿಗೆ ಕಮಿಷನ್ ಕೊಟ್ಟು ಅವನ ಹೆಸರಿನಲ್ಲಿ ಕೊಳ್ಳುತ್ತಿದ್ದರು. ಮಹಾ ಕುಸಿತದಲ್ಲಿ ವ್ಯಾಪಾರ ನೆಲ ಕಚ್ಚಿದಾಗ ಆ ಕಮಿಷನ್ ಬೇರೆಯವನ ಜೇಬಿಗೆ ಯಾಕೆ ಎಂದು ಕಂಪನಿಯ ಅಧಿಕಾರಿಯೊಬ್ಬನಿಗೆ ಹೊಳೆಯಿತು. ಸಮಾನತೆ ಜಾರಿಗೆ ಬಂತು. 1956ರ ಹೆದ್ದಾರಿ ಕಾಯ್ದೆಯ ನಂತರ ಡೆಟ್ರಾಯಿಟ್‌ನಲ್ಲಿ ಕರಿಯರ ಅಂಗಡಿ, ಚರ್ಚು, ಸಂಗೀತದ ಅಡ್ಡೆಗಳಿದ್ದ ಹೇಸ್ಟಿಂಗ್ಸ್ ಬೀದಿಯನ್ನು ನೆಲಸಮ ಮಾಡಿ ಅದರ ಮೇಲೆ ಹೆದ್ದಾರಿ ಹಾಸಿದರು. ಅದರ ಹೆಸರು ಕ್ರೈಸ್ಲರ್ ಫ್ರೀವೇ. ಉತ್ಸವದ ದಿನ ಈ ಭಾಗವನ್ನು ಯಾರೂ ಭಜನೆಯಲ್ಲಿ ಸೇರಿಸುವುದಿಲ್ಲ.

ಆಗಿನದು ಗಟ್ಟಿ ಕಬ್ಬಿಣ ಸ್ವಾಮಿ, ಈಗಿನದು ಡಾಲ್ಡಾ ಡಬ್ಬ ಎನ್ನುವವರು ಅಮೆರಿಕದಲ್ಲೂ ಇದ್ದಾರೆ. ಫೋರ್ಡ್ 1956ರಲ್ಲಿ ಸೀಟ್ ಬೆಲ್ಟ್, ಮೆತ್ತನೆಯ ಡ್ಯಾಶ್‌ಬೋರ್ಡ್ ಎಂದು ಸುರಕ್ಷತೆಯ ಜಾಹೀರಾತು ಹಾಕಿತು. ಆ ವರ್ಷ ಶೆವ್ರೊಲೆ ಅದಕ್ಕಿಂತ ಹೆಚ್ಚು ಮಾರಿತು. ಸುರಕ್ಷತೆ ಮಾರಾಟವಾಗುವುದಿಲ್ಲ ಎಂದು ಉದ್ಯಮ ಷರಾ ಬರೆದು ಕಡತ ಮುಚ್ಚಿತು. 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲ ಪುಸ್ತಕ ಬರೆದು ಎದೆಗೆ ಚುಚ್ಚುವ ಸ್ಟೀರಿಂಗ್, ದಾರಿಹೋಕರನ್ನು ಇರಿಯುವ ರೆಕ್ಕೆಗಳ ಲೆಕ್ಕ ಕೊಟ್ಟಾಗ ಜನರಲ್ ಮೋಟಾರ್ಸ್ ಕಾರು ಸರಿಮಾಡುವ ಬದಲು ಅವನ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಸಿಕ್ಕಿಬಿದ್ದು, ಕಂಪನಿಯ ಅಧ್ಯಕ್ಷನೇ 1966ರಲ್ಲಿ ಸೆನೆಟ್ ಮುಂದೆ ಕ್ಷಮೆ ಕೇಳಬೇಕಾಯಿತು. ಆ ಒಂದೇ ವರ್ಷ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50,000ಕ್ಕೂ ಹೆಚ್ಚು.

ಸಂಶಯ ಉಳಿದವರಿಗಾಗಿ 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ ಒಂದು ಪ್ರಯೋಗ ಮಾಡಿತು. 1959ರ ಶೆವ್ರೊಲೆ ಬೆಲ್ ಏರ್ ಒಂದು ಕಡೆಯಿಂದ, 2009ರ ಶೆವ್ರೊಲೆ ಮಾಲಿಬು ಇನ್ನೊಂದು ಕಡೆಯಿಂದ, ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ. ಮಾಲಿಬುವಿನ ಬೊಂಬೆ ಕಾಲು ಕುಂಟುತ್ತಾ ಇಳಿದು ಬರುವಂತಿತ್ತು. ಗಟ್ಟಿ ಕಬ್ಬಿಣದೊಳಗಿನ ಬೊಂಬೆ ಜೀವಂತ ಮನುಷ್ಯನಾಗಿದ್ದರೆ ಅಲ್ಲೇ ಸಾಯುತ್ತಿದ್ದ. ವಿಡಿಯೋ ನೋಡಿದ ಹಳೆಯ ಕಾರು ಪ್ರಿಯರು ಕಣ್ಣೀರು ಹಾಕಿದರು. ಅಷ್ಟು ಒಳ್ಳೆಯ ಬೆಲ್ ಏರ್ ಅನ್ನು ಹಾಳು ಮಾಡಿದರಲ್ಲ ಎಂದು.

ಅರವತ್ತರ ದಶಕದಲ್ಲಿ ರೆಕ್ಕೆ ಉದುರಿತು, ಸ್ನಾಯು ಬಂತು. 1964ರ ಏಪ್ರಿಲ್ 17ರಂದು ಬಂದ ಮಸ್ಟಾಂಗ್‌ಗೆ ಮೊದಲ ದಿನವೇ 22,000 ಜನ ಮುಂಗಡ ಕೊಟ್ಟರು. ಒಳಗೆ ಅದೇ ಬಡಪಾಯಿ ಫಾಲ್ಕನ್, ಮೇಲೆ ಹೊಸ ಅಂಗಿ. 1973ರಲ್ಲಿ ಅರಬರು ತೈಲದ ನಲ್ಲಿ ಬಂದ್ ಮಾಡಿದರು, ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಗಂಡಸುತನ ಬಂಕ್‌ಗಳ ಮುಂದೆ ಸರತಿಯಲ್ಲಿ ನಿಂತಿತು. ಈ ಕಾಲದ ಕಾರುಗಳಿಗೆ ಹರಾಜಿನಲ್ಲಿ ಬರುವ ಬೆಲೆಯ ಮರ್ಮ ಮಾತ್ರ ತಿಳಿದಿರಲಿ. 1971ರ ಪ್ಲಿಮತ್ ಹೆಮಿ ಕುಡಾ ಎಂಬ ತೆರೆದ ಮೈಯ ಕಾರು ಒಂದು 2014ರಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. ಯಾಕೆಂದರೆ ಅಪರೂಪ; ಆಗ ಮಾಡಿದ್ದೇ ಒಂದು ಡಜನ್ ಮೀರದಷ್ಟು. ಯಾಕೆ ಅಷ್ಟು ಕಡಿಮೆ? ಆಗ ಯಾರಿಗೂ ಬೇಡವಾಗಿತ್ತು. ಷೋರೂಮಿನಲ್ಲಿ ಸೋತದ್ದೇ ಹರಾಜುಕಟ್ಟೆಯಲ್ಲಿ ಅರ್ಹತೆ. ಇಂದು ನಮ್ಮ ಗೋದಾಮುಗಳಲ್ಲಿ ಧೂಳು ತಿನ್ನುತ್ತಿರುವ ಮಾಲು ಕಂಡು ಯಾರೂ ಎದೆಗುಂದಬೇಕಾಗಿಲ್ಲ, ಐವತ್ತು ವರ್ಷ ಕಾದರಾಯಿತು.

ಹಾಗಾದರೆ ಈ ಕಾರುಗಳನ್ನು ಕಾರು ಎಂದೇ ತಿಳಿದು, ಹತ್ತಿ, ಇಳಿದು, ಸಾಮಾನು ಹೇರಿ, ಅರವತ್ತು ವರ್ಷ ಓಡಿಸಿದವರು ಯಾರೂ ಇಲ್ಲವೇ? ಇದ್ದಾರೆ. ಅಮೆರಿಕದ ಶತ್ರುಗಳು. ಕ್ಯೂಬಾದಲ್ಲಿ 1959ರಲ್ಲಿ ಕ್ರಾಂತಿಯಾಯಿತು, ಮರುವರ್ಷವೇ ಅಮೆರಿಕ ರಫ್ತಿಗೆ ತಡೆ ಹಾಕಿತು. ಬಿಡಿಭಾಗ ಇಲ್ಲದೆ ಅಲ್ಲಿನ ಶೆವ್ರೊಲೆ, ಬ್ಯೂಯಿಕ್‌ಗಳು ವರ್ಷದೊಳಗೆ ಸಾಯುತ್ತವೆ ಎಂದು ಯಾರಾದರೂ ಲೆಕ್ಕ ಹಾಕಿದ್ದರೆ ತಪ್ಪೇನಿಲ್ಲ, ಅವುಗಳನ್ನು ಮಾಡಿದವರ ಲೆಕ್ಕವೂ ಅದೇ. ಹವಾನಾದ ಮೆಕ್ಯಾನಿಕ್ ಮಾತ್ರ ಸಾಯಲು ಬಿಡಲಿಲ್ಲ. ವಿ-8 ಎಂಜಿನ್ ಕಿತ್ತು ರಷ್ಯದ ಡೀಸೆಲ್ ಕೂರಿಸಿದ, ಲಾಡಾ ಕಾರಿನ ಕರುಳು ತಂದು ಕ್ಯಾಡಿಲಾಕ್ ಹೊಟ್ಟೆಗೆ ಹೊಲಿದ, ಸಿಗದ ಭಾಗವನ್ನು ಲೇತ್ ಮೇಲೆ ತಾನೇ ತಿರುವಿದ. ಸುಮಾರು 60,000 ಹಳೆಯ ಕಾರುಗಳು ಅಲ್ಲಿ ಇನ್ನೂ ಇವೆ ಎಂಬ ಅಂದಾಜಿದೆ. ಆಲ್ಮೆಂಡ್ರೋನ್ ಎಂಬ ಅಡ್ಡಹೆಸರು ಹೊತ್ತು, ನಮ್ಮ ಟೆಂಪೋಗಳ ಹಾಗೆ ಗೊತ್ತಾದ ದಾರಿಯಲ್ಲಿ ಸೀಟಿಗಿಷ್ಟು ಎಂದು ಜನ ತುಂಬಿಕೊಂಡು ಓಡುತ್ತವೆ. ಕಾನೂನೂ ಮಜವಾಗಿತ್ತು. 2011ರವರೆಗೆ ಅಲ್ಲಿ ಕ್ರಾಂತಿಗಿಂತ ಹಿಂದಿನ ಕಾರನ್ನು ಮಾತ್ರ ಪ್ರಜೆಗಳು ತಮ್ಮೊಳಗೆ ಮುಕ್ತವಾಗಿ ಮಾರಿ ಕೊಳ್ಳಬಹುದಿತ್ತು. ಅಂದರೆ ಕ್ಯಾಸ್ಟ್ರೋ ನಾಡಿನಲ್ಲಿ ಹಂಗಿಲ್ಲದ ಖಾಸಗಿ ಕಾರು ಎಂದರೆ ಅಮೆರಿಕದ ಬಂಡವಾಳಶಾಹಿ ಬಿಟ್ಟು ಹೋದದ್ದೇ. ಸ್ಲೋನ್ ಕಾರಿಗೆ ಕೊಟ್ಟ ಆಯುಷ್ಯ ಎರಡು ವರ್ಷ, ಕಮ್ಯುನಿಸ್ಟರು ಕೊಟ್ಟದ್ದು ಅರವತ್ತು. ಈಗ ಅಮೆರಿಕದ ಪ್ರವಾಸಿಗಳು ಅಲ್ಲಿಗೆ ಹೋಗಿ, ಗುಲಾಬಿ ಬಣ್ಣದ ತೆರೆದ ಶೆವ್ರೊಲೆಯಲ್ಲಿ ಗಂಟೆ ಲೆಕ್ಕದಲ್ಲಿ ಡಾಲರ್ ಕೊಟ್ಟು ಕಡಲ ದಂಡೆಯ ಮೇಲೆ ತಿರುಗಿ, ಆಹಾ ನಮ್ಮ ಹಳೆಯ ಕಾಲ ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಬಾನೆಟ್ ಒಳಗೆ ಬಡಬಡಿಸುವುದು ರಷ್ಯದ ಡೀಸೆಲ್.

ಡೆಟ್ರಾಯಿಟ್ ಸುಮ್ಮನಿಲ್ಲ. ಅತೃಪ್ತಿಯ ಕಾರ್ಖಾನೆಗೆ ಈಗ ಹಳೆಯ ಕಾಲವೇ ಕಚ್ಚಾ ಮಾಲು. ಡಾಡ್ಜ್ ತನ್ನ ಪ್ರಖ್ಯಾತ ವಿ-8 ಚಾರ್ಜರ್ ಅನ್ನು 2023ರಲ್ಲಿ ನಿಲ್ಲಿಸಿ ಬ್ಯಾಟರಿಯ ಚಾರ್ಜರ್ ಡೇಟೋನಾ ತಂದಿತು. ಬ್ಯಾಟರಿ ಕಾರು ಸದ್ದು ಮಾಡುವುದಿಲ್ಲ, ಸದ್ದಿಲ್ಲದ ಚಾರ್ಜರ್ ಯಾರಿಗೆ ಬೇಕು? ಹೊಗೆಯೇ ಇಲ್ಲದ ಕಾರಿಗೆ ಹೊಗೆಕೊಳವೆಯಂಥ ಕೋಣೆಗಳನ್ನೂ ಸ್ಪೀಕರ್‌ಗಳನ್ನೂ ಜೋಡಿಸಿ, ಇಲ್ಲದ ಎಂಜಿನ್ನಿನ ಗುಡುಗನ್ನು ಹೊರಡಿಸುವ ಏರ್ಪಾಡು ಮಾಡಿದರು. ಹಳೆಯ ವಿ-8ಕ್ಕೆ ಸರಿಸಾಟಿಯಾಗಿ 126 ಡೆಸಿಬೆಲ್ ಎಂದು ಹೆಮ್ಮೆಯಿಂದ ಸಾರಿದರು. 2025ರಲ್ಲಿ ಅಮೆರಿಕದಲ್ಲಿ ಈ ಕಾರುಗಳನ್ನು ಸಾವಿರಗಟ್ಟಲೆ ದುರಸ್ತಿಗೆ ವಾಪಸು ಕರೆಸಬೇಕಾಯಿತು. ದೋಷ ಏನೆಂದರೆ, ಕಾರು ಬರುತ್ತಿದೆ ಎಂದು ದಾರಿಹೋಕರಿಗೆ ತಿಳಿಯಲು ಕಾನೂನಿನ ಪ್ರಕಾರ ಬರಬೇಕಾದ ಸಣ್ಣ ಸದ್ದು ಕೆಲವು ಕಾರುಗಳಲ್ಲಿ ಬರುತ್ತಿರಲಿಲ್ಲ. ಡೀಲರ ಹತ್ತಿರ ಒಯ್ದರೆ ಸಾಫ್ಟ್‌ವೇರ್ ತಿದ್ದಿ ಬಾಯಿ ಬರಿಸಿ ಕೊಡುತ್ತಾರೆ. ದುಡ್ಡು ಕೇಳುವುದಿಲ್ಲ.